ಬಾಲ್ಕನಿಯ ಮುಳ್ಳಿನ ಗಿಡಕ್ಕೆ ಇನ್ನೂರು ವರ್ಷ

ಪುಣೆಯ ಯಾವ ಸೊಸೈಟಿಯ ಕೆಳಗಾದರೂ ನಿಂತು ತಲೆಯೆತ್ತಿ ಬಾಲ್ಕನಿಗಳನ್ನು ನೋಡಿ. ತುಳಸಿ ಇದ್ದೇ ಇರುತ್ತದೆ, ಮನಿಪ್ಲಾಂಟ್ ಇರುತ್ತದೆ, ಒಣಗಲು ಹಾಕಿದ ಬಟ್ಟೆಯ ಸಂದಿಯಲ್ಲಿ ದಾಸವಾಳ ಇಣುಕುತ್ತದೆ. ಗ್ರಿಲ್ಲಿನ ಒಂದು ಮೂಲೆಯಲ್ಲಿ ಇನ್ನೊಂದು ಕುಂಡವೂ ಕಾಣುತ್ತದೆ: ಬೂದುಬಣ್ಣದ ಕಾಂಡ, ಮೈತುಂಬ ಮುಳ್ಳು, ತುದಿಯಲ್ಲಿ ಮಾತ್ರ ನಾಲ್ಕು ಹಸಿರೆಲೆ, ಅದರ ಮೇಲೆ ಜೋಡಿ ಜೋಡಿಯಾಗಿ ಕುಂಕುಮದ ಬಣ್ಣದ ಹೂ. ನರ್ಸರಿಯವರು ಇದನ್ನು ‘ಯುಫೋರ್ಬಿಯಾ’ ಎಂದಷ್ಟೇ ಕರೆಯುತ್ತಾರೆ. ಇಂಗ್ಲಿಷಿನವರು ‘ಕ್ರೌನ್ ಆಫ್ ಥಾರ್ನ್ಸ್’, ಅಂದರೆ ಮುಳ್ಳಿನ ಕಿರೀಟ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಯುಫೋರ್ಬಿಯಾ ಮಿಲಿಯೈ. ಧಾರವಾಡದ ನಮ್ಮ ಮನೆಯಲ್ಲಿ ಇದು ಬರೀ ‘ಮುಳ್ಳಿನ ಹೂವಿನ ಗಿಡ’.

ಈ ಸಲದ ಇ-ಸ್ಮರಣ ಸಂಚಿಕೆಗೆ ಇತಿಹಾಸದ ಲೇಖನ ಬೇಕು ಎಂದು ನಮ್ಮ ವೇದಿಕೆಯವರು ಕೇಳಿದಾಗ ಎಲ್ಲರೂ ಶನಿವಾರವಾಡಾ, ಸಿಂಹಗಡ ಎಂದು ಆರಿಸಿಕೊಂಡರು. ನನಗೆ ಬಾಲ್ಕನಿಯ ಈ ಗಿಡ ಸಾಕೆನ್ನಿಸಿತು. ಎಂಟು ವರ್ಷದಲ್ಲಿ ಮೂರು ಬಾಡಿಗೆ ಮನೆ ಬದಲಿಸಿದ್ದೇನೆ. ಮೂರಕ್ಕೂ ನನ್ನ ಜೊತೆ ಬಂದ ಗಿಡ ಇದೊಂದೇ. ಹಾಗಾದರೆ ಇದು ನಮ್ಮ ಮನೆಗೆ ಬರುವ ಮೊದಲು ಎಲ್ಲೆಲ್ಲಿ ಮನೆ ಬದಲಿಸಿತ್ತು ಎಂದು ಹುಡುಕುತ್ತಾ ಹೋದೆ.

ಇದರ ತವರು ಮಡಗಾಸ್ಕರ್, ಆಫ್ರಿಕಾದ ಪೂರ್ವಕ್ಕೆ ಹಿಂದೂ ಮಹಾಸಾಗರದಲ್ಲಿರುವ ದೊಡ್ಡ ದ್ವೀಪ. ಅಲ್ಲಿನ ಜನ ಇದನ್ನು ‘ಸೊಂಗೊಸೊಂಗೊ’ ಎನ್ನುತ್ತಾರೆ. ನಮ್ಮ ಗಿಡದ ಹೆಸರಿನಲ್ಲಿ ಕುಳಿತಿರುವವನು ಮಾತ್ರ ಪಿಯರ್ ಬರ್ನಾರ್ ಮಿಲಿಯುಸ್ ಎಂಬ ಫ್ರೆಂಚ್ ನೌಕಾಧಿಕಾರಿ. ಆತ 1800ರಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟ ನಿಕೊಲಾ ಬೋದಾನನ ಯಾತ್ರೆಯಲ್ಲಿದ್ದ. ಮರಳುವಾಗ ನಾಯಕ ಬೋದಾ ಮಾರಿಷಸ್ಸಿನಲ್ಲಿ ತೀರಿಕೊಂಡ ಮೇಲೆ ‘ಜಿಯೋಗ್ರಾಫ್’ ಹಡಗನ್ನು 1804ರಲ್ಲಿ ಫ್ರಾನ್ಸಿಗೆ ತಲುಪಿಸಿದವನು ಈತನೇ. ಮುಂದೆ ಬ್ಯಾರನ್ ಆಗಿ, 1818ರಿಂದ 1821ರವರೆಗೆ ಬೂರ್ಬೊಂ ದ್ವೀಪಕ್ಕೆ, ಅಂದರೆ ಇಂದಿನ ರಿಯೂನಿಯನ್‌ಗೆ, ಗವರ್ನರ್ ಆದ. ಅಲ್ಲಿಂದ 1821ರಲ್ಲಿ ಈ ಗಿಡ ಫ್ರಾನ್ಸಿಗೆ ಹೋಯಿತು. 1826ರಲ್ಲಿ ಬೋರ್ಡೋ ನಗರದ ಶಾರ್ಲ್ ದೆ ಮೂಲಾ ಎಂಬ ವಿದ್ವಾಂಸ ಇದನ್ನು ಮೊದಲ ಬಾರಿಗೆ ಶಾಸ್ತ್ರೀಯವಾಗಿ ವರ್ಣಿಸಿ, ತಂದವನ ಗೌರವಕ್ಕಾಗಿ ‘ಮಿಲಿಯೈ’ ಎಂದು ಹೆಸರಿಟ್ಟ. ಆ ಲೆಕ್ಕದಲ್ಲಿ ಹೆಸರಿಗೆ ಈಗ ಇನ್ನೂರು ವರ್ಷ.

ಹಡಗಿನ ಕಾಲದಲ್ಲಿ ಗಿಡ ಸಾಗಿಸುವುದು ಸುಲಭದ ಮಾತಾಗಿರಲಿಲ್ಲ. ತಿಂಗಳುಗಟ್ಟಲೆ ಪಯಣ, ಉಪ್ಪುಗಾಳಿ, ಕುಡಿಯುವ ನೀರಿಗೇ ಬರ. ಗಿಡಗಳಿಗಾಗಿ ಗಾಜಿನ ಪೆಟ್ಟಿಗೆಗಳು ಬಂದದ್ದು 1830ರ ದಶಕದಲ್ಲಿ. ಅಷ್ಟರೊಳಗೇ ಈ ಗಿಡ ದಾಟಿಯಾಗಿತ್ತು. ದಪ್ಪ ಕಾಂಡದಲ್ಲಿ ತನ್ನ ನೀರನ್ನು ತಾನೇ ಹೊತ್ತುಕೊಂಡು, ಬೇಡವೆನ್ನಿಸಿದರೆ ಎಲೆ ಉದುರಿಸಿ ಸುಮ್ಮನಿದ್ದುಬಿಡುವ ಜಾಯಮಾನ ಇದರದು. ಮೂವರ್ಸ್ ಅಂಡ್ ಪ್ಯಾಕರ್ಸ್ ಲಾರಿಯಲ್ಲಿ ಎರಡು ದಿನ ಕತ್ತಲಲ್ಲಿದ್ದೂ ಏನೂ ಆಗದಂತೆ ಇಳಿದ ನಮ್ಮ ಕುಂಡವನ್ನು ನೋಡಿದ ಮೇಲೆ ಈ ಮಾತನ್ನು ನಾನು ಸುಲಭವಾಗಿ ನಂಬುತ್ತೇನೆ.

ಇದೇ ಗಿಡಕ್ಕೆ ಇನ್ನೊಬ್ಬನ ಕಥೆಯೂ ಅಂಟಿಕೊಂಡಿದೆ. ಬೊಹೀಮಿಯಾದಲ್ಲಿ 1795ರಲ್ಲಿ ಹುಟ್ಟಿದ ವೆಂಜೆಲ್ ಬೋಯರ್ 1821ರಲ್ಲಿ ಮಾರಿಷಸ್ಸಿಗೆ ಬಂದ, ಮರುವರ್ಷ ಮಡಗಾಸ್ಕರಿಗೆ ಹೋದ. ಆತ ಕಂಡ ಗಿಡವನ್ನು ವಿಲಿಯಂ ಹೂಕರ್ 1829ರಲ್ಲಿ ‘ಕರ್ಟಿಸ್ ಬೊಟಾನಿಕಲ್ ಮ್ಯಾಗಜೀನ್’ನಲ್ಲಿ ‘ಯುಫೋರ್ಬಿಯಾ ಸ್ಪ್ಲೆಂಡೆನ್ಸ್’ ಎಂದು ಪ್ರಕಟಿಸಿದ. ಆಮೇಲೆ ಎರಡೂ ಒಂದೇ ಜಾತಿಯ ಬೇರೆ ಬೇರೆ ರೂಪಗಳು ಎಂದು ತೀರ್ಮಾನವಾದಾಗ, ಮೂರು ವರ್ಷ ಹಿರಿಯದಾದ ‘ಮಿಲಿಯೈ’ ಜಾತಿಯ ಹೆಸರಾಗಿ ಉಳಿಯಿತು, ‘ಸ್ಪ್ಲೆಂಡೆನ್ಸ್’ ಅದರೊಳಗಿನ ಒಂದು ತಳಿಯ ಹೆಸರಾಯಿತು. ಮೊದಲು ಅಚ್ಚಾದ ಹೆಸರಿಗೇ ಪಟ್ಟ ಎಂಬುದು ಸಸ್ಯಶಾಸ್ತ್ರದ ನಿಯಮ.

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತದ್ದು ಮುಂದಿನ ಸಂಗತಿ ಓದಿದಾಗ. ಅದೇ 1829ರಲ್ಲಿ, ಅದೇ ಪತ್ರಿಕೆಯಲ್ಲಿ, ಅದೇ ಬೋಯರನ ಹೆಸರಿನಲ್ಲಿ, ಅದೇ ಮಡಗಾಸ್ಕರಿನ ಇನ್ನೊಂದು ಸಸ್ಯವೂ ಪ್ರಕಟವಾಗಿದೆ. ಅದು ನಮ್ಮ ಗುಲ್‌ಮೊಹರ್! ಏಪ್ರಿಲ್-ಮೇ ತಿಂಗಳಲ್ಲಿ ಪುಣೆಯ ರಸ್ತೆಗಳನ್ನು ಕೆಂಪಾಗಿಸುವ ಮರ. ನಮ್ಮ ಕಡೆ ಮೇ ರಜೆಯ ಗುರುತೇ ಅದು. ಜೊತೆಗೆ ಅಂಗಳದ ನಿತ್ಯಪುಷ್ಪವನ್ನೂ ಸೇರಿಸಿಕೊಳ್ಳಿ. ಇಲ್ಲಿನವರು ಸದಾಫುಲಿ ಎನ್ನುವ ಅದರ ತವರೂ ಮಡಗಾಸ್ಕರೇ. ಬೀದಿಯಲ್ಲೊಂದು, ಅಂಗಳದಲ್ಲೊಂದು, ಬಾಲ್ಕನಿಯಲ್ಲೊಂದು. ಮೂರೂ ನಮ್ಮೂರಿನವೇ ಎಂದುಕೊಂಡು ಬೆಳೆದವರು ನಾವು.

ಆ ಪತ್ರಿಕೆಗೆ ಆ ವರ್ಷಗಳಲ್ಲಿ ಮಾರಿಷಸ್ಸಿನಿಂದ ಸಸ್ಯಚಿತ್ರಗಳನ್ನು ಬರೆದು ಕಳಿಸುತ್ತಿದ್ದವರಲ್ಲಿ ಅನಾಬೆಲ್ಲಾ ಟೆಲ್ಫೇರ್ ಎಂಬ ಹೆಣ್ಣುಮಗಳೂ ಇದ್ದಳು. ಆಕೆಯ ಗಂಡ ಚಾರ್ಲ್ಸ್ ಟೆಲ್ಫೇರ್ ಸಸ್ಯಪ್ರೇಮಿ, ಕಬ್ಬಿನ ತೋಟದ ಒಡೆಯ. ಆ ತೋಟದಲ್ಲಿ ದುಡಿಯುತ್ತಿದ್ದವರು ಗುಲಾಮರು. ಮಾರಿಷಸ್ ಮತ್ತು ಬೂರ್ಬೊಂ ಎರಡಕ್ಕೂ ಮಡಗಾಸ್ಕರಿನಿಂದ ಗಿಡಗಳು ಮಾತ್ರ ಬರಲಿಲ್ಲ, ಮನುಷ್ಯರನ್ನೂ ಹಿಡಿದು ತರಲಾಗುತ್ತಿತ್ತು. ಮಾರಿಷಸ್ಸಿನಲ್ಲಿ ಗುಲಾಮಗಿರಿ ನಿಂತದ್ದು 1835ರಲ್ಲಿ, ಬೂರ್ಬೊಂನಲ್ಲಿ 1848ರಲ್ಲಿ. ಮಿಲಿಯುಸ್ ಗವರ್ನರ್ ಆಗಿದ್ದಾಗ ಸೊಂಗೊಸೊಂಗೊ ಎಂಬ ಹೆಸರನ್ನು ಬಾಯಲ್ಲಿ ಇಟ್ಟುಕೊಂಡಿದ್ದ ಎಷ್ಟೋ ಹೆಂಗಸರು ಅಲ್ಲಿನ ತೋಟಗಳಲ್ಲಿ ದುಡಿಯುತ್ತಿದ್ದಿರಬೇಕು. ದಾಖಲೆಯಲ್ಲಿ ಉಳಿದದ್ದು ಬ್ಯಾರನ್ ಒಬ್ಬನೇ.

‘ಯುಫೋರ್ಬಿಯಾ’ ಎಂಬ ಕುಲನಾಮದ ಕಥೆಯೂ ಇಂಥದೇ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಉತ್ತರ ಆಫ್ರಿಕಾದ ಮೌರಿಟಾನಿಯಾದ ಅರಸ ಎರಡನೆಯ ಜುಬಾ, ಅಟ್ಲಾಸ್ ಬೆಟ್ಟದ ಒಂದು ಹಾಲುಗಳ್ಳಿಗೆ ತನ್ನ ವೈದ್ಯ ಯುಫೋರ್ಬಸನ ಹೆಸರಿಟ್ಟನಂತೆ. ಪ್ಲಿನಿ ಇದನ್ನು ಬರೆದಿಟ್ಟಿದ್ದಾನೆ. ಜುಬಾನ ಹೆಂಡತಿ ಯಾರು ಗೊತ್ತೇ? ಈಜಿಪ್ಟಿನ ಕ್ಲಿಯೋಪಾತ್ರಾಳ ಮಗಳು. 1753ರಲ್ಲಿ ಲಿನೇಯಸ್ ಈ ಹೆಸರನ್ನು ಇಡೀ ಕುಲಕ್ಕೆ ಖಾಯಂ ಮಾಡಿದ. ಈಗ ಈ ಕುಲದಲ್ಲಿ ಸುಮಾರು 2000 ಜಾತಿಗಳಿವೆ.

ಇನ್ನು ಮುಳ್ಳಿನ ಕಿರೀಟದ ವಿಷಯ. ಯೇಸುವಿನ ತಲೆಗೆ ತೊಡಿಸಿದ್ದು ಇದೇ ಗಿಡದ ಮುಳ್ಳು ಎಂದು ನನಗೆ ನರ್ಸರಿಯವನೂ ಹೇಳಿದ, ಆಫೀಸಿನ ಗೆಳತಿಯೂ ಹೇಳಿದಳು. ಮಡಗಾಸ್ಕರಿನಲ್ಲಿ ಮಾತ್ರ ಬೆಳೆಯುತ್ತಿದ್ದು 1821ರಲ್ಲಿ ಫ್ರಾನ್ಸ್ ಕಂಡ ಗಿಡ ಅಂದಿನ ಜೆರುಸಲೇಮಿನಲ್ಲಿ ಇರಲು ಹೇಗೆ ಸಾಧ್ಯ? ಆ ಕಿರೀಟಕ್ಕೆ ವಿದ್ವಾಂಸರು ಹೆಸರಿಸುವ ಗಿಡಗಳಲ್ಲಿ ಮುಖ್ಯವಾದದ್ದು ನಮ್ಮ ಬೋರೆಹಣ್ಣಿನ ಹತ್ತಿರದ ಸಂಬಂಧಿ. ಅದರ ಶಾಸ್ತ್ರೀಯ ಹೆಸರಿನಲ್ಲೇ ‘ಸ್ಪೈನಾ ಕ್ರಿಸ್ಟಿ’, ಅಂದರೆ ಕ್ರಿಸ್ತನ ಮುಳ್ಳು ಎಂದಿದೆ. ಬಾಗಿಸಿದರೆ ಬಳೆಯಂತಾಗುವ ಮುಳ್ಳುಕಾಂಡ, ರಕ್ತದ ಹನಿಯಂಥ ಕೆಂಪು ನೋಡಿ ಭಕ್ತರಿಗೆ ಆ ನೆನಪಾಗಿದ್ದು ಸಹಜವೇ. ಅವರ ಭಕ್ತಿಯ ಬಗ್ಗೆ ನನ್ನದೇನೂ ತಕರಾರಿಲ್ಲ, ತಾರೀಖಿನ ಬಗ್ಗೆ ಮಾತ್ರ.

ಪುಣೆಯಲ್ಲಿ ಗಿಡಗಳ ಇತಿಹಾಸ ಹುಡುಕುವವರು ಎರಡು ಕಡೆ ಹೋಗಲೇಬೇಕು. ಒಂದು ಎಂಪ್ರೆಸ್ ಗಾರ್ಡನ್. ಅದನ್ನು ನಡೆಸುವ ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿ ಆಫ್ ವೆಸ್ಟರ್ನ್ ಇಂಡಿಯಾ ಹುಟ್ಟಿದ್ದು 1830ರಲ್ಲಿ, ನಮ್ಮ ಗಿಡದ ಚಿತ್ರ ಅಚ್ಚಾದ ಮರುವರ್ಷ. ಗಣರಾಜ್ಯೋತ್ಸವದ ಹೊತ್ತಿಗೆ ಅಲ್ಲಿ ನಡೆಯುವ ಪುಷ್ಪ ಪ್ರದರ್ಶನಕ್ಕೆ ನಮ್ಮಲ್ಲಿ ಅನೇಕರು ಮಕ್ಕಳನ್ನು ಕರೆದುಕೊಂಡು ಹೋಗಿದ್ದೀರಿ.

ಇನ್ನೊಂದು, ಒಂದು ಪುಸ್ತಕ. ಥಿಯೋಡೋರ್ ಕುಕ್ ಎಂಬ ಎಂಜಿನಿಯರ್ 1860ರಲ್ಲಿ ರೈಲ್ವೆ ಕೆಲಸಕ್ಕೆಂದು ಭಾರತಕ್ಕೆ ಬಂದ. 1865ರಿಂದ 1893ರವರೆಗೆ ಪುಣೆಯ ಎಂಜಿನಿಯರಿಂಗ್ ಕಾಲೇಜಿನ, ಅಂದರೆ ಇಂದಿನ ಸಿಒಇಪಿಯ, ಪ್ರಿನ್ಸಿಪಾಲನಾಗಿದ್ದ. ನಿವೃತ್ತನಾದ ಮೇಲೆ 1901ರಿಂದ 1908ರ ನಡುವೆ ‘ಫ್ಲೋರಾ ಆಫ್ ದಿ ಪ್ರೆಸಿಡೆನ್ಸಿ ಆಫ್ ಬಾಂಬೆ’ ಎಂಬ ದೊಡ್ಡ ಗ್ರಂಥ ಹೊರತಂದ. ಎಂಟೆಕ್ ಮಾಡಿ ದಿನವಿಡೀ ಕೋಡ್ ನೋಡುವ ನನಗೆ, ಸೇತುವೆ ಕಟ್ಟುವವನೊಬ್ಬ ಹುಲ್ಲುಕಡ್ಡಿಗಳ ಲೆಕ್ಕ ಬರೆದಿಟ್ಟದ್ದು ಬಹಳ ಹಿಡಿಸಿತು. ನಮಗೆ ಇನ್ನೊಂದು ಕಾರಣಕ್ಕೂ ಅದು ಬೇಕಾದ ಪುಸ್ತಕ. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಎಲ್ಲವೂ ಮುಂಬಯಿ ಪ್ರಾಂತ್ಯದೊಳಗೇ ಇದ್ದವು. ನಮ್ಮ ತವರಿನ ಗಿಡಗಳೂ ಕ್ರಮವಾಗಿ ಪಟ್ಟಿಯಾದದ್ದು ಪುಣೆಯಲ್ಲಿ ಪಳಗಿದ ಒಬ್ಬನ ಕೈಯಿಂದ.

ಮುಳ್ಳಿನ ಗಿಡ ಎಂದರೆ ನಮ್ಮ ಹಿರಿಯರು ಮುಖ ಸಿಂಡರಿಸುವುದು ಯಾಕೆ ಎಂಬುದಕ್ಕೂ ಇತಿಹಾಸವಿದೆ. “ಹಾಲು ಬರೋ ಮುಳ್ಳಿನ ಗಿಡ ಮನಿಯೊಳಗ ಇಡಬಾರದವ್ವಾ, ಜಗಳ ಹತ್ತತಾವ” ಎಂದು ನಮ್ಮ ಅತ್ತೆಯವರು ಹೇಳುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಕಳ್ಳಿಯ ಜಾಗ ಯಾವಾಗಲೂ ಹೊರಗೆ. ಹೊಲದ ಬದು, ಊರ ಎಲ್ಲೆ, ಹಿತ್ತಲಿನ ಬೇಲಿ. ಎಲೆಗಳ್ಳಿ, ಬೊಂತೆಗಳ್ಳಿ, ಮೂಲೆಗಳ್ಳಿ ಎಲ್ಲವೂ ಯುಫೋರ್ಬಿಯಾ ಕುಲದವೇ. ದನ ಬಾಯಿ ಹಾಕುವುದಿಲ್ಲ, ನೀರು ಬೇಕಿಲ್ಲ, ಕಡಿದು ಚುಚ್ಚಿದರೆ ಚಿಗುರುತ್ತದೆ. ಕಾವಲಿಗೆ ಬೇಕು, ಒಳಗೆ ಬೇಡ. (ಕಳ್ಳಿ ಎಂದರೆ ಕನ್ನಡದಲ್ಲಿ ಕಳ್ಳತನ ಮಾಡುವವಳೂ ಹೌದಲ್ಲ, ಪಾಪ, ಕಾವಲುಗಾರ್ತಿಗೆ ಎಂಥ ಹೆಸರು!)

ಪಾಪಾಸುಕಳ್ಳಿಯದು ಬೇರೆ ಕಥೆ. ಅದು ನಿಜವಾದ ಕ್ಯಾಕ್ಟಸ್, ಅಮೆರಿಕ ಖಂಡದಿಂದ ಬಂದದ್ದು, ಕತ್ತರಿಸಿದರೆ ಬಿಳಿಹಾಲು ಬರುವುದಿಲ್ಲ. ಪಾಪಾಸು ಎಂದರೆ ಚಪ್ಪಲಿ. ಅದರ ಚಪ್ಪಟೆ ಕಾಂಡ ನೋಡಿ ಯಾರೋ ಇಟ್ಟ ಹೆಸರು, ಮಿಲಿಯೈಗಿಂತ ಎಷ್ಟೋ ವಾಸಿ. ಕಿರಮಂಜಿ ಬಣ್ಣ ಕೊಡುವ ಹುಳುವನ್ನು ಅದರ ಮೇಲೆ ಸಾಕಿ ಲಾಭ ಮಾಡಿಕೊಳ್ಳಲು ಈಸ್ಟ್ ಇಂಡಿಯಾ ಕಂಪನಿ ಹಂಬಲಿಸಿತು. 1795ರಲ್ಲಿ ಬ್ರೆಜಿಲ್‌ನಿಂದ ಹುಳು ಬಂತು, ಆದರೆ ಒಳ್ಳೆಯ ಬಣ್ಣದ ಜಾತಿಯದಲ್ಲ. ಬಣ್ಣ ಕೊಡುವ ಬದಲು ಅದು ಒಂದು ಜಾತಿಯ ಪಾಪಾಸುಕಳ್ಳಿಯನ್ನೇ ತಿಂದು ಮುಗಿಸಿತು. ಕಳೆಯನ್ನು ಕೀಟದಿಂದ ನಿಗ್ರಹಿಸಿದ ಜಗತ್ತಿನ ಮೊದಲ ಉದಾಹರಣೆ ಎಂದು ಇದನ್ನು ಇಂದೂ ಪಾಠ ಮಾಡುತ್ತಾರೆ. ದಖ್ಖನ್ನಿನ ಹೊಲಗಳನ್ನು ನುಂಗುತ್ತಿದ್ದ ಉಳಿದ ಜಾತಿಗಳಿಗೆ 1926ರಲ್ಲಿ ಸಿಲೋನಿನಿಂದ ಇನ್ನೊಂದು ಹುಳು ತರಬೇಕಾಯಿತು. ಅಷ್ಟು ಕಾಟ ಕೊಟ್ಟ ಗಿಡದ ನೆನಪು ಇರುವ ಜನ ಮುಳ್ಳನ್ನು ಹೊಸಿಲ ಒಳಗೆ ಬಿಟ್ಟುಕೊಳ್ಳದಿದ್ದರೆ ಅದು ಬರೀ ಮೂಢನಂಬಿಕೆಯಲ್ಲ ಎಂದು ನನ್ನ ಅಭಿಪ್ರಾಯ.

ಪುಣೆಯವರು ಮಾತ್ರ ಮುಳ್ಳಿನ ಮೆಳೆಯ ಹೆಸರನ್ನು ದೇವರಿಗೇ ಇಟ್ಟಿದ್ದಾರೆ. ಇಂಥ ಮುಳ್ಳುಗಿಡಗಳಿಗೆಲ್ಲ ಮರಾಠಿಯಲ್ಲಿ ನಿವಡುಂಗ ಎನ್ನುತ್ತಾರೆ. ನಾನಾ ಪೇಟೆಯಲ್ಲಿ ನಿವಡುಂಗ್ಯಾ ವಿಠೋಬಾ ಎಂಬ ಗುಡಿಯಿದೆ, ಮೂರ್ತಿ ನಿವಡುಂಗದ ಪೊದೆಯಲ್ಲಿ ಸಿಕ್ಕಿತೆಂದು ಪ್ರತೀತಿ. ಆಷಾಢದ ವಾರಿಯಲ್ಲಿ ತುಕಾರಾಮರ ಪಾಲಖಿ ಪುಣೆಯಲ್ಲಿ ತಂಗುವುದು ಇಲ್ಲೇ. ಮರಾಠಿ ಸಂತರೇ ವಿಠ್ಠಲನನ್ನು ಕಾನಡಾ, ಕರ್ನಾಟಕದವನು ಎಂದು ಹಾಡಿದ್ದಾರೆ. ನಮ್ಮೂರಿನಿಂದ ಬಂದವನು, ಮುಳ್ಳಿನ ಪೊದೆಯಲ್ಲಿ ಇದ್ದವನು, ಈಗ ಪುಣೆಯವನು. ಈ ಗುಡಿಯ ಹೆಸರು ಕೇಳಿದ ಮೇಲೆ ಅತ್ತೆಯವರು ಜಗಳದ ಮಾತು ಎತ್ತಿಲ್ಲ. ಕುಂಡ ಮಾತ್ರ ಬಾಲ್ಕನಿಯಲ್ಲೇ ಇರಲಿ ಎಂದಿದ್ದಾರೆ. ಬಿಸಿಲು ಬೇಕಾದ ಗಿಡಕ್ಕೂ ಅದೇ ಒಳ್ಳೆಯದು.

ಹಾಲಿನ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಾಗದು. ಕಳ್ಳಿಹಾಲು ಎಂಬ ಶಬ್ದಕ್ಕೆ ನಮ್ಮ ದಕ್ಷಿಣದಲ್ಲೇ ಒಂದು ಕರಾಳ ಚರಿತ್ರೆಯಿದೆ. 1980ರ ದಶಕದಲ್ಲಿ ತಮಿಳುನಾಡಿನ ಉಸಿಲಂಪಟ್ಟಿಯ ಸುತ್ತಮುತ್ತ ಹುಟ್ಟಿದ ಹೆಣ್ಣುಕೂಸುಗಳನ್ನು ಕೊಲ್ಲುತ್ತಿದ್ದ ಸಂಗತಿ ಪತ್ರಿಕೆಗಳಲ್ಲಿ ಹೊರಬಿದ್ದಾಗ, ಕೊಲ್ಲುವ ಬಗೆಗಳಲ್ಲಿ ಕಳ್ಳಿಹಾಲಿನ ಹೆಸರೂ ಬಂತು. ಬೇಲಿಯಲ್ಲಿ ಬಿಟ್ಟಿಯಾಗಿ ಸಿಗುವ ವಿಷ. 1992ರಲ್ಲಿ ಅಲ್ಲಿನ ಸರ್ಕಾರ ತೊಟ್ಟಿಲು ಯೋಜನೆ ತಂದು, ಬೇಡವಾದ ಕೂಸನ್ನು ಕೊಲ್ಲಬೇಡಿ, ತೊಟ್ಟಿಲಲ್ಲಿ ಬಿಟ್ಟುಹೋಗಿ ಎಂದಿತು. ಆ ಕಳ್ಳಿ ನಮ್ಮ ಬಾಲ್ಕನಿಯ ಜಾತಿಯಲ್ಲ, ಅದರ ಬಂಧು. ಎರಡು ಹೆಣ್ಣುಮಕ್ಕಳ ತಾಯಿಯಾಗಿ ಈ ಗಿಡದ ಕೊಂಬೆ ಕತ್ತರಿಸಿದಾಗ ಬಿಳಿಹನಿ ಉಕ್ಕುವುದನ್ನು ನೋಡಿದರೆ ನನಗೆ ಆ ಊರು ನೆನಪಾಗುತ್ತದೆ. ಗಿಡಕ್ಕೆ ಅದು ಗಾಯ ಮುಚ್ಚಿಕೊಳ್ಳುವ, ತಿನ್ನಲು ಬಂದವರನ್ನು ದೂರವಿಡುವ ಉಪಾಯ ಅಷ್ಟೇ. ಬ್ರೆಜಿಲ್‌ನ ವಿಜ್ಞಾನಿಗಳು ಇದೇ ಯುಫೋರ್ಬಿಯಾ ಮಿಲಿಯೈಯ ಹಾಲನ್ನು ನೀರಿಗೆ ಬಹಳ ಸ್ವಲ್ಪ ಪ್ರಮಾಣದಲ್ಲಿ ಬೆರೆಸಿ, ಶಿಸ್ಟೋಸೋಮಿಯಾಸಿಸ್ ರೋಗ ಹರಡುವ ಬಸವನಹುಳುಗಳನ್ನು ಕೊಲ್ಲಬಹುದೆಂದು ತೋರಿಸಿದ್ದಾರೆ. ಅಲ್ಲಿ ಅದೇ ವಿಷ ಮಕ್ಕಳನ್ನು ಉಳಿಸುವ ಕೆಲಸಕ್ಕೆ ಬರಬಹುದು.

ಹಾಗಾಗಿ ಮನೆಯಲ್ಲಿ ಪುಟ್ಟ ಮಕ್ಕಳು, ಬೆಕ್ಕು, ನಾಯಿ ಇದ್ದರೆ ಕುಂಡ ಅವರ ಕೈಗೆ, ಬಾಯಿಗೆ ಎಟುಕಬಾರದು. ಕತ್ತರಿಸುವಾಗ ಕೈಗವಸು ಬೇಕು. ಹಾಲು ಚರ್ಮಕ್ಕೆ ತಾಗಿದರೆ ಸಾಬೂನು ಹಾಕಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಧಾರಾಳ ನೀರಿನಲ್ಲಿ ಬಹಳ ಹೊತ್ತು ತೊಳೆದು, ಕಾಯದೆ ಕಣ್ಣಿನ ವೈದ್ಯರ ಹತ್ತಿರ ಹೋಗಿ.

ಈಗ ನರ್ಸರಿಗಳಲ್ಲಿ ಸಿಗುವ ದೊಡ್ಡ ಹೂವಿನ, ಹಳದಿ, ಗುಲಾಬಿ, ಕೆನೆಬಣ್ಣದ ಗಿಡಗಳು ಥಾಯ್ಲೆಂಡಿನವರ ಕೈಚಳಕ. ಅಲ್ಲಿ ಇದರ ಹೆಸರು ‘ಪೊಯ್ ಸಿಯನ್’, ಚೀನೀಯರ ಎಂಟು ಚಿರಂಜೀವಿಗಳ ಹೆಸರು. ಗೊಂಚಲಲ್ಲಿ ಎಂಟು ಹೂ ಬಂದರೆ ಮನೆಗೆ ಅದೃಷ್ಟವಂತೆ. ಒಂದೂರಿನಲ್ಲಿ ಮುಳ್ಳಿನ ಗಿಡ ಜಗಳ ತರುತ್ತದೆ, ಇನ್ನೊಂದೂರಿನಲ್ಲಿ ಅದೃಷ್ಟ. ಅಂದಹಾಗೆ ನಾವು ಹೂವಿನ ದಳ ಎಂದುಕೊಳ್ಳುವ ಆ ಎರಡು ಕೆಂಪು ಬಿಲ್ಲೆಗಳು, ಕಾಗದದ ಹೂವಿನಲ್ಲಿ ಇರುವಂತೆ, ಬಣ್ಣ ಬಂದ ಎಲೆಗಳು. ನಿಜವಾದ ಹೂ ನಡುವಿನ ಸಣ್ಣ ಚುಕ್ಕೆಯೊಳಗಿದೆ. ಇಷ್ಟು ದಿನ ಹೂ ಬಾಡದಿರುವುದರ ಗುಟ್ಟು ಅದೇ.

ಪುಣೆಯ ಹವೆ ಇದಕ್ಕೆ ಒಗ್ಗುತ್ತದೆ. ದಿನಕ್ಕೆ ನಾಲ್ಕೈದು ಗಂಟೆಯಾದರೂ ನೇರ ಬಿಸಿಲು ಸಿಗಬೇಕು, ಇಲ್ಲದಿದ್ದರೆ ಕಾಂಡ ಸೊರಗಿ ಉದ್ದವಾಗುತ್ತದೆ, ಹೂ ಬರುವುದಿಲ್ಲ. ಇಲ್ಲಿನ ಎರೆಮಣ್ಣು ನಮ್ಮ ಧಾರವಾಡದ ಎರೆಮಣ್ಣಿನಂತೆಯೇ ನೀರು ಹಿಡಿದು ಕೂರುತ್ತದೆ, ಅದನ್ನು ಕುಂಡಕ್ಕೆ ಹಾಕಬೇಡಿ. ಕೆಂಪು ಮಣ್ಣು, ದಪ್ಪ ಮರಳು, ಇಟ್ಟಿಗೆ ಚೂರು, ಒಂದು ಹಿಡಿ ಎರೆಹುಳು ಗೊಬ್ಬರ ಸಾಕು. ಬೆರಳು ಚುಚ್ಚಿ ನೋಡಿ, ಮಣ್ಣು ಒಣಗಿದ್ದರೆ ಮಾತ್ರ ನೀರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆ ಬಾಲ್ಕನಿಯೊಳಗೆ ಹೊಡೆಯುವ ಮನೆಗಳಲ್ಲಿ ಕುಂಡವನ್ನು ಗೋಡೆಯ ಪಕ್ಕಕ್ಕೆ ಸರಿಸಬೇಕು. ಇದು ಸಾಯುವುದು ಬಾಯಾರಿಕೆಯಿಂದಲ್ಲ, ಬೇರು ಕೊಳೆತು. ಡಿಸೆಂಬರ್ ಚಳಿಯಲ್ಲಿ ಎಲೆ ಉದುರಿದರೆ ಗಾಬರಿಬಿದ್ದು ನೀರು ಸುರಿಯಬೇಡಿ. ಹಿಟ್ಟುತಿಗಣೆ ಕಂಡರೆ ಬೇವಿನ ಎಣ್ಣೆ ಬೆರೆಸಿದ ನೀರು ಸಿಂಪಡಿಸಿ.

ತುಂಡಿನಿಂದ ಬೆಳೆಸಿದ ಗಿಡ ಹೊಸ ಗಿಡವಲ್ಲ, ಹಳೆಯದರದೇ ಮುಂದುವರಿಕೆ. ನನ್ನ ಕುಂಡದ್ದು ಅಮ್ಮನ ಅಂಗಳದ್ದು, ಅಮ್ಮನಿಗೆ ಕೊಟ್ಟವರು ಪಕ್ಕದ ಮನೆಯ ಮಾಮಿ, ಅವರಿಗೆ ಅವರ ತಂಗಿ. ಅಲ್ಲಿಂದಾಚೆ ಯಾರ ಹೆಸರೂ ಇಲ್ಲ. ಕಾಂಪೌಂಡ್ ಗೋಡೆಯ ಮೇಲಿಂದ ಕೈಯಿಂದ ಕೈಗೆ ದಾಟಿಸಿದ ಹೆಂಗಸರ ಸಾಲೊಂದು ಹಿಂದೆ ಹಿಂದೆ ಹೋಗುತ್ತದೆ, ಅಷ್ಟೇ. ನಮ್ಮ ಮಹಡಿಯ ಮರಾಠಿ ಕಾಕೂ ಕಳೆದ ವರ್ಷ ನನ್ನಿಂದ ಎರಡು ತುಂಡು ಒಯ್ದರು. ಅವು ಈಗ ಅವರ ಮಗಳ ಮನೆ ನಾಸಿಕ್‌ನಲ್ಲಿವೆ.

ನಿಮಗೂ ಬೇಕಿದ್ದರೆ ಹೇಳಿ, ಶ್ರಾವಣದ ಅರಿಶಿನ-ಕುಂಕುಮಕ್ಕೆ ತರುತ್ತೇನೆ. ಗೇಣುದ್ದ ಕತ್ತರಿಸಿ, ಹಾಲು ನಿಲ್ಲುವವರೆಗೆ ತುದಿಯನ್ನು ತಣ್ಣೀರಿನಲ್ಲಿ ಅದ್ದಿ, ನಾಲ್ಕು ದಿನ ನೆರಳಲ್ಲಿ ಒಣಗಿಸಿಯೇ ಕೊಡುತ್ತೇನೆ. ಮುಳ್ಳು ಚುಚ್ಚದ ಹಾಗೆ ಎರಡು ಪದರ ಹಳೆಯ ಪೇಪರಿನಲ್ಲಿ ಸುತ್ತಿರುತ್ತೇನೆ. ಮನೆಗೆ ಹೋಗಿ ಒದ್ದೆಯಲ್ಲದ, ಸ್ವಲ್ಪವೇ ತೇವವಿರುವ ಮರಳಿನಲ್ಲಿ ಎರಡು ಇಂಚು ಊರಿ, ಒಂದು ವಾರ ನೀರು ಹಾಕದೆ ಇಡಿ. ಬೇರು ಬಿಡಲು ಒಂದೂವರೆ ತಿಂಗಳಾದರೂ ಬೇಕು. ಅಲ್ಲಿಯವರೆಗೆ ದಿನಾ ಕಿತ್ತು ನೋಡಬೇಡಿ.